ಕಾಲು ನೀರಿಗೆ ಬಿಡುವ ಮುನ್ನ

ಬೆಂಗಳೂರಿನ ಹೂಡಿಯಲ್ಲಿ ಮನೆ ಮಾಡಿಕೊಂಡು ಗಾಳದ ಹುಚ್ಚು ಹತ್ತಿಸಿಕೊಂಡವರು ದೋಣಿ ಕೊಳ್ಳುವ ಮುಂಚೆ ಒಮ್ಮೆ ಅಪಾರ್ಟ್‌ಮೆಂಟಿನ ಲಿಫ್ಟ್ ಅಳೆದು ನೋಡುವುದು ಒಳ್ಳೆಯದು. ಇಬ್ಬರು ಕೂರುವ ಸಾಧಾರಣ ಕ್ಯಾನೋ 15ರಿಂದ 16 ಅಡಿ ಉದ್ದ. ನಿಲ್ಲಿಸಿದರೂ ಒರಗಿಸಿದರೂ ಅದು ಲಿಫ್ಟಿಗೆ ಹಿಡಿಯುವುದಿಲ್ಲ. ಮೆಟ್ಟಿಲಲ್ಲಿ ಹೊತ್ತರೆ ಮೊದಲ ತಿರುವಿನಲ್ಲೇ ಗೋಡೆಗೆ ಸಿಕ್ಕಿಕೊಳ್ಳುತ್ತದೆ. ಬೇಸ್‌ಮೆಂಟಿನಲ್ಲಿ ಇಡೋಣವೆಂದರೆ ಅಸೋಸಿಯೇಷನ್ನಿನ ವಾಟ್ಸಾಪ್ ಗುಂಪಿನಲ್ಲಿ ಅಂದೇ ಫೋಟೋ ಬರುತ್ತದೆ. ಕಾರಿನ ನೆತ್ತಿಗೆ ಕಟ್ಟಿಕೊಂಡು ಹೋಗೋಣವೆಂದರೆ, 4 ಮೀಟರಿನೊಳಗಿದ್ದರೆ ತೆರಿಗೆ ಕಡಿಮೆ ಎಂಬ ನಿಯಮದ ಕೃಪೆಯಿಂದ ನಮ್ಮ ಬೀದಿಯ ಬಹಳಷ್ಟು ಕಾರುಗಳು 4 ಮೀಟರಿಗೇ ನಿಂತಿವೆ. 16 ಅಡಿಯ ಕ್ಯಾನೋ ಸುಮಾರು 4.9 ಮೀಟರ್. ಸಂಜೆ ಆರರ ಹೊತ್ತಿಗೆ ಐಟಿಪಿಎಲ್ ಮುಖ್ಯರಸ್ತೆಯಲ್ಲಿ ಕಾರಿಗಿಂತ ಉದ್ದದ ದೋಣಿಯನ್ನು ತಲೆಯ ಮೇಲೆ ಹೊತ್ತು, ಹಿಂದಿನ ಬೈಕಿನವನ ಮೂಗಿಗೆ ತಾಗದಂತೆ ತರುವುದು ಮೀನು ಹಿಡಿಯುವುದಕ್ಕಿಂತ ಕಷ್ಟದ ಕಸುಬು.

ಈ ತಾಪತ್ರಯಕ್ಕೆಲ್ಲ ಒಂದೇ ಉತ್ತರ ಎಂಬಂತೆ ಕಾಣುವುದು ಫ್ಲೋಟ್ ಟ್ಯೂಬ್. ಗಾಳಿ ತುಂಬಿದ ಕುರ್ಚಿ ಎಂದರೆ ನಡೆದೀತು. ಹಳೆಯವು ಪೂರ್ಣ ದುಂಡಗೆ, ಈಗಿನವು ಕುದುರೆಲಾಳದ ಆಕಾರ. ನಡುವೆ ಸೀಟು, ಬೆನ್ನಿಗೆ ಒರಗು, ಎರಡೂ ಕಡೆ ಜಿಪ್ ಹಾಕಿದ ಚೀಲಗಳು. ಕೂತವನ ಸೊಂಟದ ಕೆಳಗಿನ ಭಾಗ ನೀರಿನಲ್ಲಿರುತ್ತದೆ. ಎದೆಮಟ್ಟದ ರಬ್ಬರು ಪ್ಯಾಂಟು ತೊಟ್ಟು, ಪಾದಕ್ಕೆ ಈಜುಗಾರರ ಫಿನ್ ಕಟ್ಟಿಕೊಂಡು, ಕಾಲು ಒದೆಯುತ್ತ ಹಿಂದುಹಿಂದಕ್ಕೆ ಚಲಿಸಬೇಕು. ಎರಡೂ ಕೈ ಖಾಲಿ. ಎಂಟು ಕೆ.ಜಿ. ಮೀರದ ಸಾಮಾನು. ಗಾಳಿ ತೆಗೆದು ಮಡಚಿದರೆ ಬೆನ್ನಿಗೆ ಹಾಕಿಕೊಳ್ಳುವ ಒಂದು ಚೀಲ. ಹೂಡಿ ಹಾಲ್ಟಿನಲ್ಲಿ ಬಂಗಾರಪೇಟೆ ಕಡೆಯ ರೈಲು ಹತ್ತಿ ಮಾಲೂರಿನಲ್ಲೋ ಟೇಕಲ್ಲಿನಲ್ಲೋ ಇಳಿದರೆ ಯಾರೂ ತಿರುಗಿಯೂ ನೋಡುವುದಿಲ್ಲ.

ಹಾಗಾಗಿ ಅಂಗಡಿಯ ಲೆಕ್ಕದಲ್ಲಿ ಟ್ಯೂಬ್ ಗೆದ್ದಿತು. ನನ್ನ ತಕರಾರು ಇರುವುದು ಕೆರೆಯ ಲೆಕ್ಕದಲ್ಲಿ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ನಮ್ಮ ನದಿ, ಕೆರೆಗಳ ನೀರನ್ನು ಯಾವುದಕ್ಕೆ ಬಳಸಬಹುದು ಎಂಬುದರ ಮೇಲೆ ಎ, ಬಿ, ಸಿ, ಡಿ, ಇ ಎಂದು ವಿಂಗಡಿಸುತ್ತದೆ. ಎ ಎಂದರೆ ಸೋಂಕು ನಿವಾರಣೆ ಮಾಡಿದರೆ ಸಾಕು, ಕುಡಿಯಬಹುದು. ಬಿ ಎಂದರೆ ಮನುಷ್ಯ ಇಳಿದು ಸ್ನಾನ ಮಾಡಬಹುದು. ಡಿ ಎಂದರೆ ವನ್ಯಜೀವಿಗಳಿಗೆ, ಮೀನು ಸಾಕುವುದಕ್ಕೆ ಆದೀತು. ಇ ಎಂದರೆ ಹೊಲಕ್ಕೆ ಹಾಯಿಸಬಹುದು, ಕಾರ್ಖಾನೆಯ ಯಂತ್ರ ತಣಿಸಬಹುದು. ಬಿ ದರ್ಜೆಗೆ ಲೀಟರಿಗೆ ಕನಿಷ್ಠ 5 ಮಿಲಿಗ್ರಾಂ ಕರಗಿದ ಆಮ್ಲಜನಕ ಬೇಕು, ಜೈವಿಕ ಆಮ್ಲಜನಕ ಬೇಡಿಕೆ 3 ಮಿಲಿಗ್ರಾಂ ಮೀರಬಾರದು, 100 ಮಿಲಿಲೀಟರಿನಲ್ಲಿ ಕೋಲಿಫಾರ್ಮ್ ಬ್ಯಾಕ್ಟೀರಿಯಾ 500 ದಾಟಬಾರದು. ಡಿ ದರ್ಜೆಗೆ ಆಮ್ಲಜನಕ 4 ಮಿಲಿಗ್ರಾಂ ಇದ್ದರೆ ಸಾಕು, ಅಮೋನಿಯಾ 1.2 ಮಿಲಿಗ್ರಾಂ ಒಳಗಿದ್ದರೆ ಆಯಿತು. ಕೋಲಿಫಾರ್ಮ್ ಎಷ್ಟಿದೆ ಎಂದು ಡಿ ದರ್ಜೆ ಕೇಳುವುದೇ ಇಲ್ಲ. ಕೇಳಬೇಕಾದ ಕಾರಣವೂ ಇಲ್ಲವಲ್ಲ, ಮೀನಿಗೆ ಭೇದಿಯ ಚಿಂತೆ ಎಲ್ಲಿಯದು.

ಇದನ್ನು ದೋಣಿಗೆ ತಾಳೆ ಹಾಕಿ ನೋಡಿ. ಕ್ಯಾನೋದಲ್ಲಿ ಕೂತು ಗಾಳ ಹಾಕುವವನಿಗೆ ಡಿ ದರ್ಜೆಯ ನೀರು ಸಾಕು, ಯಾಕೆಂದರೆ ನೀರಿನೊಳಗೆ ಇರುವುದು ಮೀನು ಮಾತ್ರ. ಫ್ಲೋಟ್ ಟ್ಯೂಬಿನಲ್ಲಿ ಕೂತವನು ನಾಲ್ಕು ತಾಸು ಸೊಂಟಮಟ್ಟ ಸ್ನಾನ ಮಾಡಿದ ಲೆಕ್ಕ. ಅವನಿಗೆ ಬಿ ದರ್ಜೆ ಬೇಕು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಬೆಂಗಳೂರಿನ ಕೆರೆಗಳನ್ನು ಪರೀಕ್ಷಿಸಿ ಹೊರಡಿಸುವ ಪಟ್ಟಿಗಳಲ್ಲಿ ಬಹುಪಾಲು ಕೆರೆಗಳು ಡಿ ಮತ್ತು ಇ ಕಾಲಂನಲ್ಲೇ ಇರುತ್ತವೆ. ಎರಡು ವಾಹನಗಳ ನಡುವಿನ ಆಯ್ಕೆ ನನ್ನ ಮಟ್ಟಿಗೆ ಅಲ್ಲಿಗೇ ಅರ್ಧ ಮುಗಿಯಿತು.

ಹೂಡಿಯ ಸುತ್ತ ಕೆರೆಗಳಿಗೆ ಕೊರತೆಯಿಲ್ಲ. ಹೂಡಿ ಕೆರೆ, ಸೀತಾರಾಮಪಾಳ್ಯದ ಕೆರೆ, ಕುಂದಲಹಳ್ಳಿ ಕೆರೆ, ಸಾದರಮಂಗಲ ಕೆರೆ, ಸ್ವಲ್ಪ ಆಚೆಗೆ ಹಳೇ ಮದ್ರಾಸ್ ರಸ್ತೆಯ ಎಲೆ ಮಲ್ಲಪ್ಪ ಶೆಟ್ಟಿ ಕೆರೆ, ದಕ್ಷಿಣಕ್ಕೆ ವರ್ತೂರು. ಕಾರ್ಖಾನೆ, ಟೆಕ್ ಪಾರ್ಕುಗಳು ಬರುವ ಮುಂಚೆ ಇವು ರಾಗಿ, ಭತ್ತ, ಸೊಪ್ಪಿನ ಹೊಲಗಳಿಗೆ ನೀರುಣಿಸುತ್ತಿದ್ದ ಕೆರೆಗಳು. ಈಗ ಕೆಲವಕ್ಕೆ ಬೇಲಿ, ವಾಕಿಂಗ್ ದಾರಿ, ಗೇಟಿನಲ್ಲಿ ಸೀಟಿ ಹಿಡಿದ ಸೆಕ್ಯುರಿಟಿ. ಇಳಿಯಬೇಡಿ, ಈಜಬೇಡಿ, ಮೀನು ಹಿಡಿಯಬೇಡಿ ಎಂಬ ಬೋರ್ಡು. ಎಲ್ಲಿ ಮೀನುಗಾರಿಕೆ ನಡೆಯುತ್ತದೋ ಅಲ್ಲಿ ಅದು ಟೆಂಡರ್ ಹಿಡಿದವರದ್ದು ಇಲ್ಲವೇ ಸಹಕಾರ ಸಂಘದವರದ್ದು. ಮರಿ ಬಿಟ್ಟವರು ಅವರು, ಕಾಯುವವರು ಅವರು. ಭಾನುವಾರ ಬೆಳಿಗ್ಗೆ ಹೊಸ ರಾಡು ಹಿಡಿದು ಬಂದವನನ್ನು ಅವರು ಕಳ್ಳ ಎಂದುಕೊಂಡರೆ ತಪ್ಪೇನಿಲ್ಲ.

ಬೆಳ್ಳಂದೂರು, ವರ್ತೂರಿನ ಕಥೆ ಲೋಕಕ್ಕೇ ಗೊತ್ತು. ವರ್ತೂರು ಕೋಡಿಯಲ್ಲಿ ನೊರೆ ಉಕ್ಕಿ ರಸ್ತೆಗೆ ಹಾರಿತು. 2017ರ ಫೆಬ್ರವರಿಯಲ್ಲಿ ಮತ್ತು 2018ರ ಜನವರಿಯಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿಯೇ ಬಿತ್ತು. 2016ರ ಮಾರ್ಚಿನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಹೊಟ್ಟೆ ಮೇಲಾಗಿ ತೇಲಿದವು. ಅಷ್ಟು ಕೆಟ್ಟಿಲ್ಲದ ಕೆರೆಯಲ್ಲೂ ಚರಂಡಿಯ ಬಾಯಿ ಒಂದಿರುತ್ತದೆ, ಹೆಗ್ಗಣ ಓಡಾಡುವ ಕಲ್ಲುಕಟ್ಟಡ ಇರುತ್ತದೆ. ಇಲಿಜ್ವರದ ರೋಗಾಣು ಇಲಿ, ಹೆಗ್ಗಣದ ಮೂತ್ರದಿಂದ ನೀರಿಗೆ ಸೇರಿ, ತರಚಿದ ಚರ್ಮದ ಮೂಲಕ, ನೆನೆದು ಮೆತ್ತಗಾದ ಚರ್ಮದ ಮೂಲಕ ಒಳಗೆ ಬರುತ್ತದೆ. ನಾಲ್ಕು ತಾಸು ನೆನೆಯುವ ಕಾಲಿಗೆ ಇದಕ್ಕಿಂತ ಹೆಚ್ಚಿನ ಆಹ್ವಾನ ಬೇಡ. ರಬ್ಬರು ಪ್ಯಾಂಟು ಇದೆಯಲ್ಲ ಎನ್ನುವವರು ಅದನ್ನು ಏಪ್ರಿಲ್ ಬಿಸಿಲಲ್ಲಿ ಒಮ್ಮೆ ತೊಟ್ಟು ನೋಡಲಿ. ಅದು ಸೋರುವವರೆಗೆ ಮಾತ್ರ ರಕ್ಷಣೆ. ಜಾಲಿ ಮುಳ್ಳಿನ ಊರಿನಲ್ಲಿ ಸೋರುವುದಕ್ಕೆ ಬಹಳ ದಿನ ಬೇಕಿಲ್ಲ.

ಹಾಗಾಗಿ ಹೂಡಿಯ ಗಾಳಗಾರ ಊರು ಬಿಟ್ಟು ಪೂರ್ವಕ್ಕೆ ಹೋಗುತ್ತಾನೆ: ಹೊಸಕೋಟೆ, ಮಾಲೂರು, ಕೋಲಾರ. ಕೋಲಾರದ ಕೆರೆಗಳದ್ದು ಈಗ ಬೇರೆಯೇ ಕಥೆ. ವರ್ಷಗಟ್ಟಲೆ ಬತ್ತಿ ಬಿರುಕುಬಿಟ್ಟಿದ್ದ ಕೆರೆಗಳಿಗೆ 2018ರ ಜೂನ್‌ನಿಂದ ಕೆ.ಸಿ. ವ್ಯಾಲಿ ಯೋಜನೆಯ ನೀರು ಹರಿಯಿತು, ಅಂದರೆ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡನೇ ಹಂತದವರೆಗೆ ಸಂಸ್ಕರಿಸಿ ಪಂಪು ಮಾಡಿದ ನೀರು. ದಿನಕ್ಕೆ 440 ದಶಲಕ್ಷ ಲೀಟರ್ ಗುರಿಯ ಯೋಜನೆ. ಮೊದಲು ತುಂಬಿದ್ದು ಲಕ್ಷ್ಮೀಸಾಗರದ ಕೆರೆ. ಅಂತರ್ಜಲ ಏರಿತೆಂದು ಸಂತೋಷಪಟ್ಟ ರೈತರಿದ್ದಾರೆ. ಮೂರನೇ ಹಂತದ ಸಂಸ್ಕರಣೆ ಆಗಲೇಬೇಕೆಂದು ಕೋರ್ಟು ಹತ್ತಿದವರೂ ಇದ್ದಾರೆ. ಮೀನಂತೂ ಬಂದಿತು: ಕಾಟ್ಲಾ, ರೋಹು, ಮೃಗಾಲ, ಸಾಮಾನ್ಯ ಗೆಂಡೆ, ಕರೆಯದೆ ಬರುವ ಜಿಲೇಬಿ. ಹೂಡಿಯವನು ತನ್ನ ಊರಿನ ನೀರು ಕೊಳಕೆಂದು ಐವತ್ತು ಕಿಲೋಮೀಟರ್ ದೂರ ಹೋದರೆ, ತನ್ನ ಊರಿನ ನೀರೇ ಅಲ್ಲಿ ಅವನಿಗಿಂತ ಮೊದಲು ಹೋಗಿ ಕೂತಿರುತ್ತದೆ.

ಅಲ್ಲಿ ಇನ್ನೊಂದು ಗಂಡಾಂತರವಿದೆ. ಬತ್ತಿದ ಅಂಗಳದಲ್ಲಿ ಜಾಲಿ ಎದೆಮಟ್ಟ, ಆಳೆತ್ತರ ಬೆಳೆದಿತ್ತು. ಕೆಲವು ಕೆರೆಗಳಲ್ಲಿ ಕಡಿದು ತೆಗೆದರು, ಕೆಲವು ಕಡೆ ಹಾಗೇ ಮುಳುಗಿತು. ಮೇಲಿಂದ ನೋಡಿದರೆ ಬರೀ ನೀರು, ಅರ್ಧ ಅಡಿ ಕೆಳಗೆ ಒಣಗಿದ ಮುಳ್ಳುಕೊಂಬೆ. ಹಲಗೆಯೋ ಫೈಬರೋ ಆದರೆ ಕೆರೆದ ಗೀರು ಬಿದ್ದೀತು. ಗಾಳಿ ತುಂಬಿದ್ದಾದರೆ ಮುಂದಿನ ಮಾತೇ ಬೇಡ. ಒಳ್ಳೆಯ ಫ್ಲೋಟ್ ಟ್ಯೂಬುಗಳಲ್ಲಿ ಗಾಳಿಯ ಕೋಣೆಗಳು ಎರಡೋ ಮೂರೋ ಇದ್ದು, ಒಂದು ಹೋದರೆ ಇನ್ನೊಂದು ತೇಲಿಸುತ್ತದೆ, ನಿಜ. ಆದರೆ ಮುಳ್ಳು ಟ್ಯೂಬನ್ನೇ ಚುಚ್ಚಬೇಕೆಂದಿಲ್ಲವಲ್ಲ. ಅಲ್ಲಿ ಮೊದಲು ಸಿಗುವುದು ಕಾಲು.

ಬಲೆಗಳ ವಿಷಯವೂ ಹೀಗೇ. ಟೆಂಡರಿನವರು ಸಂಜೆ ನೈಲಾನ್ ಬಲೆ ಬಿಟ್ಟು ಬೆಳಿಗ್ಗೆ ಎತ್ತುತ್ತಾರೆ. ಎಲ್ಲೋ ಒಂದು ಪ್ಲಾಸ್ಟಿಕ್ ಬಾಟಲಿ ತೇಲುತ್ತಿರುವುದೇ ಗುರುತು. ಅಗಲವಾದ ಫಿನ್ ಕಟ್ಟಿಕೊಂಡು ಹಿಂದುಹಿಂದಕ್ಕೆ ಹೋಗುವವನಿಗೆ ಬೆನ್ನ ಹಿಂದಿನ ಬಾಟಲಿ ಕಾಣುವುದಿಲ್ಲ. ಬಲೆಗೆ ಫಿನ್ ಸಿಕ್ಕಿತೆಂದರೆ ಒದ್ದಷ್ಟೂ ಸುತ್ತಿಕೊಳ್ಳುತ್ತದೆ. ತಾವರೆ, ನೈದಿಲೆಯ ದಂಟಿನ ನಡುವೆಯೂ ಅದೇ ಪಾಡು. ಟ್ಯೂಬಿನಲ್ಲಿ ಇಳಿಯುವವನು ಸೊಂಟದಲ್ಲಿ ಕೈಗೆ ಸಿಗುವ ಹಾಗೆ ಒಂದು ಚಾಕು ಇಟ್ಟುಕೊಳ್ಳಬೇಕೆನ್ನುವುದು ಇದಕ್ಕೆ. ಕತ್ತರಿಸಿದ ಬಲೆಯ ದುಡ್ಡು ಕೊಡಬೇಕಾಗುತ್ತದೆ, ಅದು ಬೇರೆ.

ಇಷ್ಟೆಲ್ಲ ಹೇಳಿದ ಮೇಲೆ ಟ್ಯೂಬಿನ ಗುಣವನ್ನು ಹೇಳದಿದ್ದರೆ ಅನ್ಯಾಯ. ಅದು ಮಗುಚುವುದು ಬಲು ಅಪರೂಪ. ಕಾರಣ ಸರಳ. ಲಾರಿಯ ಹತ್ತು–ಇಪ್ಪತ್ತರ ಟಯರಿನ ಒಳಟ್ಯೂಬನ್ನೇ ತೆಗೆದುಕೊಳ್ಳಿ. ಅದರಲ್ಲಿ ಹಿಡಿಯುವ ಗಾಳಿ 130, 140 ಲೀಟರಿನಷ್ಟು. ಅಷ್ಟು ಲೀಟರ್ ನೀರನ್ನು ಪಕ್ಕಕ್ಕೆ ತಳ್ಳಬಲ್ಲ ವಸ್ತು ಅಷ್ಟೇ ಕೆ.ಜಿ. ಭಾರ ಹೊರಬಲ್ಲದು. ಅದರ ಮೇಲೆ ಹಲಗೆ ಹಾಕಿ ಅರವತ್ತೈದು ಕೆ.ಜಿ.ಯವನು ಕೂತರೆ ಟ್ಯೂಬು ಅರ್ಧ ಮುಳುಗಿ ಓಲಾಡುತ್ತದೆ, ಪೂರ್ತಿ ಭಾರ ನೀರಿನ ಮೇಲಿದೆ. ಅದೇ ಮನುಷ್ಯ ನಡುವಿನ ತೂತಿನಲ್ಲಿ ಸೊಂಟದವರೆಗೆ ಇಳಿದು ಕೂತರೆ ಅವನ ಕಾಲಿನ ಭಾರವನ್ನು ನೀರೇ ಹೊರುತ್ತದೆ, ದೇಹದ ಭಾರದ ಕೇಂದ್ರ ನೀರಿನ ಮಟ್ಟಕ್ಕೆ ಇಳಿಯುತ್ತದೆ, ಟ್ಯೂಬು ಹೊರಬೇಕಾದ್ದು ಅರ್ಧ ಮನುಷ್ಯನನ್ನು ಮಾತ್ರ. ಅಮೆರಿಕದ ಗಾಳಗಾರರು ಕಳೆದ ಶತಮಾನದ ಮೊದಲರ್ಧದಲ್ಲಿ ಟಯರ್ ಟ್ಯೂಬಿಗೆ ಕ್ಯಾನ್ವಾಸಿನ ಸೀಟು ಹೊಲಿದು ಈ ಆಟ ಶುರುಮಾಡಿದ್ದು ಇದೇ ಧೈರ್ಯದ ಮೇಲೆ. ಅವರ ಕೆರೆಗಳು ತಣ್ಣಗೆ, ತಿಳಿಯಾಗಿ, ಊರಿನಿಂದ ದೂರ ಬೆಟ್ಟದ ನಡುವೆ ಇದ್ದವು. ಹೆಗಲಿಗೆ ಹಾಕಿಕೊಂಡು ನಡೆದು ಹೋಗಬೇಕಾದ ಕೆರೆಗೆ ಹೇಳಿ ಮಾಡಿಸಿದ ಸಾಧನ ಅದು.

ಸದ್ದಿಲ್ಲದಿರುವುದು ಅದರ ಇನ್ನೊಂದು ಗುಣ. ಕ್ಯಾನೋದ ಅಂಚಿಗೆ ಹುಟ್ಟು ತಾಗಿದರೆ, ತಳಕ್ಕೆ ಡಬ್ಬಿ ಬಿದ್ದರೆ ಆ ಸದ್ದು ನೀರಿನಲ್ಲಿ ದೂರ ಹೋಗುತ್ತದೆ. ಜೊಂಡಿನ ಅಂಚಿನಲ್ಲಿ ಮರಿ ಕಾಯುತ್ತ ನಿಂತ ಕೊರವ ಮೀನು ಒಂದೇ ಸದ್ದಿಗೆ ಮಾಯ. ಟ್ಯೂಬಿನವನು ಅದರ ಮೂಗಿನವರೆಗೂ ಹೋಗಬಲ್ಲ. ದೊಡ್ಡ ಕಾಟ್ಲಾ ಕಚ್ಚಿದರಂತೂ ಅದು ಟ್ಯೂಬನ್ನೇ ಎಳೆದುಕೊಂಡು ಕೆರೆ ಸುತ್ತಿಸುತ್ತದೆ. ದಾರ ಹರಿಯುವುದು ಕಡಿಮೆ, ಮೀನು ಬೇಗ ಸುಸ್ತಾಗುತ್ತದೆ. ಇದನ್ನು ಅನುಭವಿಸಿದವರು ಆಮೇಲೆ ಕ್ಯಾನೋದ ಮಾತೇ ಎತ್ತುವುದಿಲ್ಲ. ಅವರ ಜೊತೆ ನಾನು ಜಗಳಕ್ಕೆ ಹೋಗುವುದಿಲ್ಲ. ಮಳೆಯ ನೀರು ಮಾತ್ರ ನಿಂತ, ಬಲೆಯಿಲ್ಲದ, ಮಾಲೀಕರ ಅನುಮತಿಯಿರುವ ತೋಟದ ಕಟ್ಟೆಯಾದರೆ ನಾನೂ ಟ್ಯೂಬನ್ನೇ ಒಯ್ಯುತ್ತೇನೆ.

ಕ್ಯಾನೋ ಸುಲಭದ ಸಂಗಾತಿ ಎಂದು ಯಾರೂ ತಿಳಿಯಬಾರದು. ಅದರ ಅಗಲ ಮೂರಡಿಯಷ್ಟೇ. ಇಬ್ಬರೂ ಒಂದೇ ಕಡೆ ಬಗ್ಗಿದರೆ, ಮೀನು ಎತ್ತುವ ಉಮೇದಿನಲ್ಲಿ ಒಬ್ಬ ಎದ್ದು ನಿಂತರೆ ಮಗುಚುತ್ತದೆ. ಮಗುಚಿದ ಕ್ಯಾನೋ ಸಾಮಾನ್ಯವಾಗಿ ಮುಳುಗುವುದಿಲ್ಲ, ಆದರೆ ನೀರು ತುಂಬಿದ ಅದರೊಳಕ್ಕೆ ನಡುಕೆರೆಯಲ್ಲಿ ಮತ್ತೆ ಹತ್ತುವುದು ಹೊಸಬರಿಂದ ಆಗದ ಕೆಲಸ. ಹುಟ್ಟು ಹಾಕುವಾಗ ಗಾಳ ಕೆಳಗಿಡಬೇಕು, ಗಾಳ ಹಿಡಿದಾಗ ದೋಣಿ ತನ್ನಿಷ್ಟಕ್ಕೆ ಹೋಗುತ್ತದೆ. ಹಗ್ಗಕ್ಕೆ ಕಲ್ಲು ಕಟ್ಟಿ ಲಂಗರು ಬಿಡಬೇಕು. ಅದನ್ನೂ ಮೂತಿಯ ತುದಿಗೋ ಬಾಲದ ತುದಿಗೋ ಕಟ್ಟಬೇಕೇ ಹೊರತು ಪಕ್ಕಕ್ಕೆ ಕಟ್ಟಿದರೆ ಅಲೆಗೆ ಅಡ್ಡಲಾಗಿ ನಿಂತು ನೀರು ನುಗ್ಗುತ್ತದೆ. ಒಬ್ಬನೇ ಹಿಂದಿನ ಸೀಟಿನಲ್ಲಿ ಕೂತರೆ ಮೂತಿ ಮೇಲೆದ್ದು ಗಾಳಿಗೆ ಹಾಯಿಯಾಗುತ್ತದೆ. ಇದಕ್ಕೆ ನಮ್ಮೂರಿನ ಪರಿಹಾರವಿದೆ: 20 ಲೀಟರಿನ ನೀರಿನ ಕ್ಯಾನು ತುಂಬಿ ಮೂತಿಯಲ್ಲಿ ಇಟ್ಟರೆ ಸರಿಯಾಗಿ 20 ಕೆ.ಜಿ. ಭಾರ.

ಗಾಳಿಯೆಂದರೆ ಆಷಾಢದ ಗಾಳಿ. ಜೂನ್, ಜುಲೈಯಲ್ಲಿ ಪಡುವಣದಿಂದ ಬೀಸುವ ಗಾಳಿಗೆ ಏರಿಯ ಮೇಲೆ ನಿಂತವನ ಪಂಚೆಯೇ ನಿಲ್ಲುವುದಿಲ್ಲ, ಇನ್ನು ತೇಲುವ ಟ್ಯೂಬು ಯಾವ ಲೆಕ್ಕ. ಕಾಲು ಒದ್ದು ಹೋಗುವ ವೇಗ ತಾಸಿಗೆ ಒಂದೆರಡು ಕಿಲೋಮೀಟರ್ ಮಾತ್ರ, ಅದೂ ನೀರು ಸುಮ್ಮನಿದ್ದಾಗ. ಕ್ಯಾನೋದಲ್ಲಿ ನಿಧಾನವಾಗಿ ಹುಟ್ಟು ಹಾಕಿದರೂ ತಾಸಿಗೆ ಐದರ ಹತ್ತಿರ ಹೋಗಬಹುದು. ಯಾವುದೇ ಆಗಲಿ, ಮೊದಲು ಗಾಳಿಗೆ ಎದುರಾಗಿ ಹೋಗಬೇಕು, ಸುಸ್ತಾದ ಮೇಲೆ ಗಾಳಿಯೇ ಹೊರಟ ದಂಡೆಗೆ ತಂದು ಬಿಡುತ್ತದೆ. ಹೊಸಬರು ಮಾಡುವುದು ಇದರ ಉಲ್ಟಾ. ಗಾಳಿಯ ಜೊತೆ ಹಾಯಾಗಿ ತೇಲಿ ಆಚೆ ದಡ ಸೇರಿ, ಅಲ್ಲಿಂದ ಕಾರಿರುವ ಜಾಗಕ್ಕೆ ಹೊಲದ ಬದುವಿನ ಮೇಲೆ ಫಿನ್ ಹಿಡಿದುಕೊಂಡು ನಡೆದು ಬರುತ್ತಾರೆ.

ಟ್ಯೂಬನ್ನು ಭರ್ತಿ ತುಂಬಿಸಿ ದಂಡೆಯ ಮೇಲೆ ಬಿಸಿಲಿನಲ್ಲಿ ಬಿಡುವುದೂ ಅಪಾಯ. ಗಾಳಿಯ ಉಷ್ಣತೆ 25ರಿಂದ 50 ಡಿಗ್ರಿಗೆ ಏರಿದರೆ ಒಳಗಿನ ಒತ್ತಡ ನೂರಕ್ಕೆ ಎಂಟರಷ್ಟು ಏರುತ್ತದೆ, ಹೊಲಿಗೆ ಬಿಟ್ಟುಕೊಳ್ಳುತ್ತದೆ. ಬಿಸಿಲಲ್ಲಿ ಬಿಗಿಯಾಗಿ ತುಂಬಿಸಿ ತಣ್ಣೀರಿಗೆ ಇಳಿಸಿದರೆ ಅದೇ ಲೆಕ್ಕ ತಿರುಗುಮುರುಗಾಗಿ ಟ್ಯೂಬು ಸಡಿಲಾಗುತ್ತದೆ, ಕೂತವನು ತೂತು ಬಿತ್ತೆಂದು ಗಾಬರಿಯಾಗುತ್ತಾನೆ. ನೀರಿಗಿಳಿಸಿ ಐದು ನಿಮಿಷ ಬಿಟ್ಟು ಇನ್ನೊಂದೆರಡು ಪಂಪು ಹೊಡೆದರೆ ಸರಿ.

ಕ್ಯಾನೋ, ಟ್ಯೂಬು ಎರಡನ್ನೂ ಕಾಣದ ನಮ್ಮ ಮೀನುಗಾರರು ಏನು ಮಾಡುತ್ತಾರೆ ನೋಡಿ. ಕರಾವಳಿಯಲ್ಲಿ ಇದರ ಚರ್ಚೆಯೇ ಇಲ್ಲ. ಅಲ್ಲಿ ಒಂದೇ ಮರದ ದಿಮ್ಮಿ ಕೊರೆದು ಮಾಡಿದ ಪಾತಿ ದೋಣಿ ಇತ್ತು, ಅದೂ ಕ್ಯಾನೋದ ಕುಲವೇ. ಬಯಲುಸೀಮೆಯ ಕೆರೆಗೆ ಅದು ಬರಲಿಲ್ಲ. ಇಲ್ಲಿ ಬಂದದ್ದು ಹರಿಗೋಲು. ವಿಜಯನಗರಕ್ಕೆ 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ತುಂಗಭದ್ರೆಯಲ್ಲಿ ಜನ ಆನೆಗೊಂದಿ ಕಡೆಗೆ ದಾಟುತ್ತಿದ್ದ ದುಂಡು ದೋಣಿಗಳನ್ನು ಕಂಡು ಬರೆದಿಟ್ಟಿದ್ದಾನೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮದ ಹೊದಿಕೆ, ಹದಿನೈದಿಪ್ಪತ್ತು ಜನ ಹಿಡಿಯುತ್ತಿದ್ದರು, ನೇರ ಹೋಗದೆ ಸುತ್ತುತ್ತಲೇ ಸಾಗುತ್ತಿದ್ದವು. ಐನೂರು ವರ್ಷದಲ್ಲಿ ಬದಲಾದದ್ದು ಹೊದಿಕೆ ಮಾತ್ರ: ಚರ್ಮ ಹೋಗಿ ಪ್ಲಾಸ್ಟಿಕ್ ಚೀಲ, ಡಾಂಬರು ಬಂತು, ಈಗ ಮೀನುಗಾರಿಕೆ ಇಲಾಖೆ ಸಹಾಯಧನದಲ್ಲಿ ಕೊಡುವ ಫೈಬರ್‌ಗ್ಲಾಸಿನದು. ಕಾವೇರಿಯಲ್ಲಿ ಬಿಳಿಮೀನಿಗೆ, ಅಂದರೆ ಮಹಶೀರಿಗೆ ಗಾಳ ಹಾಕಲು ದೇಶವಿದೇಶಗಳಿಂದ ಭೀಮೇಶ್ವರಿ, ಗಾಲಿಬೋರೆಗೆ ಬರುತ್ತಿದ್ದವರೂ ಕ್ಯಾನೋ ಹೊತ್ತು ತರಲಿಲ್ಲ. ಸ್ಥಳೀಯ ಅಂಬಿಗರ ಹರಿಗೋಲಿನಲ್ಲೇ ಕೂತು ಮೀನಿನ ಹಿಂದೆ ಹೋದರು. ಅಲ್ಲಿನ ಅಭಯಾರಣ್ಯದೊಳಗೆ ಗಾಳ ಹಾಕುವುದು ನಿಂತು ಈಗ ದಶಕವೇ ದಾಟಿದೆ. ಹೊಳೆಯ ಮಾತು ಬಂದದ್ದಕ್ಕೆ ಇನ್ನೊಂದು: ದಾಂಡೇಲಿಯ ಕಾಳಿಯಲ್ಲಿ, ರಂಗನತಿಟ್ಟಿನ ಆಚೀಚಿನ ಕಾವೇರಿಯಲ್ಲಿ ಮೊಸಳೆಗಳಿವೆ. ಅಂಥಲ್ಲಿ ಫ್ಲೋಟ್ ಟ್ಯೂಬಿನಿಂದ ಕಾಲು ಇಳಿಬಿಟ್ಟು ಕೂತವನೇ ಎರೆ.

ಹರಿಗೋಲಿಗೆ ತಳದಲ್ಲಿ ನೇರ ಹಿಡಿಯುವ ಏಣು ಇಲ್ಲ, ಮೂತಿ ಇಲ್ಲ, ಹಿಂದುಮುಂದು ಇಲ್ಲ. ಪಕ್ಕದಲ್ಲಿ ಹುಟ್ಟು ಹಾಕಿದರೆ ಬುಗುರಿ ಸುತ್ತುತ್ತದೆ. ಅದಕ್ಕೇ ಅಂಬಿಗ ಮುಂದಕ್ಕೆ ಬಗ್ಗಿ, ಎದುರಿನ ನೀರನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಾನೆ. ದೋಣಿ ಆ ನೀರಿನ ಕಡೆ ಸರಿಯುತ್ತದೆ. ತಳ ಚಪ್ಪಟೆಯಾದ್ದರಿಂದ ಅಂಗೈ ಉದ್ದದ ನೀರಿದ್ದರೂ ಸಾಕು, ಕೆರೆಯಂಚಿನ ಜೊಂಡು, ಅಂತರಗಂಗೆಯ ಮೇಲೆಯೇ ಜಾರಿಕೊಂಡು ಹೋಗುತ್ತದೆ. ಅಗಲ ಹೆಚ್ಚಾದ್ದರಿಂದ ಮೀನು ಎತ್ತಲು ಬಗ್ಗಿದರೆ ವಾಲುತ್ತದೆಯೇ ಹೊರತು ಬೇಗ ಮಗುಚುವುದಿಲ್ಲ. ಚಿಕ್ಕದಾದರೆ ಒಬ್ಬನೇ ತಲೆಯ ಮೇಲೆ ಬೋರಲು ಹಾಕಿಕೊಂಡು ಏರಿ ಹತ್ತಿ ಮನೆಗೆ ಒಯ್ಯಬಲ್ಲ. ಅಂದರೆ ಕ್ಯಾನೋದಂತೆ ಮೈ ಒಣಗಿರುತ್ತದೆ, ಟ್ಯೂಬಿನಂತೆ ಒಬ್ಬನ ಕೈಯಲ್ಲಿ ಸಾಗುತ್ತದೆ.

ಹರಿಗೋಲು ಇಲ್ಲದವರು ಲಾರಿ ಟ್ಯೂಬು ಬಳಸುತ್ತಾರೆ, ಥರ್ಮೋಕೋಲ್ ಹಾಳೆಗಳನ್ನು ಗೊಬ್ಬರದ ಚೀಲದಲ್ಲಿ ಬಿಗಿದ ತೆಪ್ಪವನ್ನೂ ಬಳಸುತ್ತಾರೆ. ಮಾಲೂರು ಕಡೆಯ ಒಂದು ಕೆರೆಯಲ್ಲಿ ಲಾರಿ ಟ್ಯೂಬಿನಲ್ಲಿ ಮೀನು ಹಿಡಿಯುವ ಒಬ್ಬರನ್ನು ಹತ್ತಿರದಿಂದ ನೋಡಿದ್ದೇನೆ. ಟ್ಯೂಬಿನ ಮೇಲೆ ಹಗ್ಗದ ಹೆಣಿಗೆ, ಅದರ ಮೇಲೆ ಸಣ್ಣ ಹಲಗೆ. ಹಿತ್ತಾಳೆಯ ವಾಲ್ವು ತೊಡೆಗೆ ಗೀರದಂತೆ ಸೈಕಲ್ ಟ್ಯೂಬಿನ ತುಂಡು ಸುತ್ತಿದ್ದರು. ಹಿಂದೆ ಹಗ್ಗದಲ್ಲಿ ಪ್ಲಾಸ್ಟಿಕ್ ಬೇಸಿನ್ನು ಕಟ್ಟಿ ಮೀನಿಗೆ ಇಟ್ಟಿದ್ದರು. ಎರಡೂ ಕೈಯಲ್ಲಿ ಚಿಕ್ಕ ಮರದ ಹಲಗೆ, ಅದೇ ಹುಟ್ಟು. ಆದರೆ ಆ ಮನುಷ್ಯ ಚಕ್ಕಳಮಕ್ಕಳ ಹಾಕಿ ಕೂತಿದ್ದ, ಪಾದ ನೀರಿಗೆ ತಾಗಿರಲಿಲ್ಲ.

“ಕಾಲು ಇಳಿಬಿಟ್ರೆ ಆರಾಮಲ್ವಾ ಅಣ್ಣಾ?” ಎಂದೆ.

“ಆರಾಮೇ ಸಾ. ರಾತ್ರಿಯೆಲ್ಲ ಕೆರ್ಕೊಂಡು ಕೂತ್ಕೋಬೇಕು ಅಷ್ಟೇ. ಮೊದ್ಲು ಇಳೀಬಿಡ್ತಿದ್ವಿ. ಈಗ ನೀರು ಆ ತರ ಇಲ್ಲ.”

ಮಾಲಿನ್ಯ ಮಂಡಳಿಯ ಬಿ ಮತ್ತು ಡಿ ದರ್ಜೆಯ ಅಂತರ ಅವರ ಮೊಣಕಾಲಿಗೆ ಗೊತ್ತಿತ್ತು. ಟ್ಯೂಬು ಸಿಗುವುದೂ ಈಗ ಕಷ್ಟವಂತೆ. ಲಾರಿ, ಬಸ್ಸುಗಳಿಗೆ ಟ್ಯೂಬ್‌ಲೆಸ್ ಟಯರ್ ಬರುತ್ತಿರುವುದರಿಂದ ಪಂಚರ್ ಅಂಗಡಿಯಲ್ಲಿ ಹಳೇ ಟ್ಯೂಬಿನ ರಾಶಿ ಕರಗುತ್ತಿದೆ.

ಇನ್ನು ಕೊಳ್ಳಲೇಬೇಕೆಂದು ಹೊರಟವರಿಗೆ ನನ್ನ ಮಾತು. ನೆಲಮಹಡಿಯ ಮನೆ, ಗೋಡೆಗೆ ಎರಡು ಕೊಕ್ಕೆ ಹೊಡೆಯುವಷ್ಟು ಜಾಗ, ಜೊತೆಗೆ ಹುಟ್ಟು ಹಾಕಲು ಒಬ್ಬ ಸ್ನೇಹಿತ ಇದ್ದರೆ ಕ್ಯಾನೋ ತೆಗೆದುಕೊಳ್ಳಿ. ಒಬ್ಬರೇ ಹೋಗುವವರಾದರೆ ಹತ್ತಡಿಯ ಕಯಾಕ್ ಅದಕ್ಕಿಂತ ವಾಸಿ, ಕಾರಿನ ಮೇಲೂ ಕೂರುತ್ತದೆ, ಲಿಫ್ಟಿಗೆ ಮಾತ್ರ ಅದೂ ಬರುವುದಿಲ್ಲ. ಏಳನೇ ಮಹಡಿಯವರಾಗಿ, ಆರು ತಿಂಗಳಿಗೊಮ್ಮೆ ಹೋಗುವವರಾಗಿ, ಹೋಗುವ ನೀರು ಎಂಥದ್ದೆಂದು ಬಲ್ಲವರಾಗಿದ್ದರೆ ಫ್ಲೋಟ್ ಟ್ಯೂಬು ಸರಿ. ಇಳಿಯುವ ಮುಂಚೆ ದಂಡೆಯ ಹೂಳನ್ನು ಕೋಲಿನಿಂದ ಚುಚ್ಚಿ ನೋಡಿ. ಫಿನ್ ಕಟ್ಟಿದ ಕಾಲು ಹೂಳಿನಲ್ಲಿ ಹೂತರೆ ಎಳೆಯುವುದು ಕಷ್ಟ. ಇಟ್ಟಿಗೆಗೆ, ಹೊಲಕ್ಕೆ ಮಣ್ಣು ತೆಗೆದ ಗುಂಡಿಗಳು ನೀರು ತುಂಬಿದ ಮೇಲೆ ಕಾಣುವುದಿಲ್ಲ, ಮೊಣಕಾಲುದ್ದ ನೀರಿನ ಪಕ್ಕದಲ್ಲೇ ಎರಡಾಳು ಆಳ ಇರಬಹುದು. ತೂಬು ಎತ್ತಿದ್ದಾಗ ಅದರ ಹತ್ತಿರ, ಕೋಡಿ ಹರಿಯುವಾಗ ಕೋಡಿಯ ಹತ್ತಿರ ಯಾವ ದೋಣಿಯೂ ಬೇಡ. ಲೈಫ್ ಜಾಕೆಟ್ ಎರಡಕ್ಕೂ ಬೇಕು. ಟ್ಯೂಬೇ ತೇಲಿಸುತ್ತದಲ್ಲ ಎನ್ನುವವರು ಟ್ಯೂಬಿನಿಂದ ಜಾರಿದಾಗಲೇ ಜಾಕೆಟ್ಟಿನ ಕೆಲಸ ಶುರು ಎಂಬುದನ್ನು ಮರೆತಿರುತ್ತಾರೆ. ರಬ್ಬರು ಪ್ಯಾಂಟಿನೊಳಗೆ ನೀರು ತುಂಬಿದರೆ ಅದು ಕಲ್ಲುಗುಂಡಾಗಿ ಕೆಳಗೆಳೆಯುತ್ತದೆಂಬುದು ಉತ್ಪ್ರೇಕ್ಷೆ, ನೀರೊಳಗೆ ನೀರಿಗೆ ಭಾರವಿಲ್ಲ. ಆದರೆ ಅದನ್ನು ಹೊತ್ತು ದಂಡೆ ಹತ್ತುವುದು ಅಸಾಧ್ಯಕ್ಕೆ ಹತ್ತಿರ. ಸೊಂಟದ ಮೇಲೆ ಬೆಲ್ಟು ಬಿಗಿದಿದ್ದರೆ ನೀರು ನುಗ್ಗುವುದು ತಡವಾಗುತ್ತದೆ.

ನನ್ನನ್ನೇ ಕೇಳಿದರೆ ಮೊದಲ ವರ್ಷ ಏನನ್ನೂ ಕೊಳ್ಳಬೇಡಿ. ರಾಡು, ರೀಲು, ರಾಗಿ ಹಿಟ್ಟಿನ ಉಂಡೆ, ಒಂದು ಲೈಫ್ ಜಾಕೆಟ್ ಸಾಕು. ಟೆಂಡರ್ ಹಿಡಿದವರು ಯಾರೆಂದು ಊರಿನ ಹೋಟೆಲಿನಲ್ಲಿ ಕೇಳಿದರೆ ಹೇಳುತ್ತಾರೆ. ಅವರನ್ನು ಹಿಂದಿನ ದಿನವೇ ಕಂಡು ಒಪ್ಪಿಗೆ ಪಡೆದು, ಬಲೆ ಎತ್ತಲು ಹೋಗುವ ಹರಿಗೋಲಿನಲ್ಲಿ ಜಾಗ ಕೇಳಿ. ಬೆಳಗಿನ ಜಾವ ಬಲೆ ಎತ್ತಿ ಮುಗಿಸಿ ವ್ಯಾಪಾರಿಯ ಗಾಡಿಗೆ ಮೀನು ತುಂಬಿದ ಮೇಲೆ ಹರಿಗೋಲೂ ಖಾಲಿ, ಹುಟ್ಟು ಹಾಕುವವರೂ ಬಿಡುವಾಗಿರುತ್ತಾರೆ. ದಿನದ ಕೂಲಿಯ ಲೆಕ್ಕದಲ್ಲಿ ಮಾತಾಡಿದರೆ ಬರುತ್ತಾರೆ. ಮುಳ್ಳು ಎಲ್ಲಿದೆ, ಗುಂಡಿ ಎಲ್ಲಿದೆ, ಯಾವ ಮೂಲೆಯಲ್ಲಿ ಗೆಂಡೆ ಮೇಯುತ್ತದೆ ಎಂಬುದು ಕೂಲಿಯ ಜೊತೆ ಪುಕ್ಕಟೆ. ಗಾಳಕ್ಕೆ ಬಿದ್ದ ಮೀನು ಯಾರದ್ದು, ತೂಗಿ ದುಡ್ಡು ಕೊಡಬೇಕೋ ನೀರಿಗೇ ಬಿಡಬೇಕೋ ಎಂಬುದನ್ನು ದಂಡೆಯ ಮೇಲಿದ್ದಾಗಲೇ ಇತ್ಯರ್ಥ ಮಾಡಿಕೊಳ್ಳಿ. ಐದು ಕೆ.ಜಿ. ಕಾಟ್ಲಾ ಕೈಯಲ್ಲಿ ಒದ್ದಾಡುವಾಗ ಚೌಕಾಸಿ ಮಾಡಲು ಆಗುವುದಿಲ್ಲ.